ತಮಟೆ ಮತ್ತು ಆಕಾಶವಾಣಿ: ಚಳ್ಳಕೆರೆ ಸೀಮೆಯ ಒಬ್ಬ ಕೇಳುಗನ ಮಾತು

ದಲಿತ ವಿಮರ್ಶೆಯ ಸಂಚಿಕೆಗೆ ಯಾವುದಾದರೂ ಒಂದು ಕೃತಿ ಆರಿಸಿಕೊಂಡು ಬರೀರಿ ಅಂತ ಸಂಪಾದಕ ಮಿತ್ರರು ಕೇಳಿದಾಗ, ರೇಡಿಯೋ ಬಗ್ಗೆ ಬರೀತೀನಿ ಅಂದೆ. ಅವರು ತಮಾಷೆ ಅಂದುಕೊಂಡರು. ರೇಡಿಯೋ ಹೆಂಗೆ ಕೃತಿ ಆಗುತ್ತೆ ಮೇಷ್ಟ್ರೇ ಅಂದರು. ನನಗೆ ಇದು ತಮಾಷೆಯಲ್ಲ. ಕನ್ನಡದ ದಲಿತ ವಿಮರ್ಶೆ ಕಾವ್ಯ, ಕತೆ, ಆತ್ಮಕತೆಗಳ ಬಗ್ಗೆ ಸಾಕಷ್ಟು ಜಗಳ ಆಡಿದೆ. ಆಡಬೇಕಾದ ಜಗಳವೇ. ಆದರೆ ಆ ಪುಸ್ತಕಗಳು ನಮ್ಮ ಹಟ್ಟಿಗೆ ಬಂದದ್ದು ನಾನು ಪಿಯುಸಿ ಓದಲು ಚಳ್ಳಕೆರೆ ಸೇರಿದ ಮೇಲೆ, ನನ್ನ ಕೈಚೀಲದಲ್ಲಿ. ಅದಕ್ಕೂ ಮುಂಚೆ ನಮ್ಮಪ್ಪ, ನಮ್ಮ ದೊಡ್ಡಪ್ಪ, ನಮ್ಮವ್ವ, ಅಕ್ಷರ ಬಾರದ ಆ ಇಡೀ ತಲೆಮಾರು ಲೋಕವನ್ನು ಓದಿದ್ದು ಕಿವಿಯಿಂದ. ಓದಿಸಿದ್ದು ರೇಡಿಯೋ. ಹಾಗಿದ್ದ ಮೇಲೆ ನಮ್ಮ ಹಿರಿಯರ ಮೊದಲ ಆಧುನಿಕ ಪಠ್ಯ ಅದೇ ಅಲ್ಲವೇ? ಅದನ್ನು ಬಿಟ್ಟು ನಾವು ವಿಮರ್ಶೆ ಶುರುಮಾಡಿದ್ದು ಪುಸ್ತಕ ಇದ್ದವರ ಮನೆಯ ಅಭ್ಯಾಸವನ್ನು ನಮ್ಮದು ಅಂದುಕೊಂಡದ್ದರಿಂದ ಅಂತ ನನ್ನ ಗುಮಾನಿ.

ನಮ್ಮೂರು ಚಳ್ಳಕೆರೆಗೂ ಮೊಳಕಾಲ್ಮೂರಿಗೂ ನಡುವೆ, ಬಳ್ಳಾರಿ ರಸ್ತೆಯಿಂದ ಒಳಗೆ. ಕಡಲೆಕಾಯಿ ಬೆಳೆಯುವ ಎರೆ, ಕೆಂಪು, ಕಲ್ಲು ಎಲ್ಲಾ ಬೆರೆತ ನೆಲ. ಮಳೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಎಪ್ಪತ್ತರ ದಶಕದಲ್ಲಿ ಊರಿಗೆ ಇದ್ದದ್ದು ಪಂಚಾಯ್ತಿ ರೇಡಿಯೋ ಒಂದೇ. ಚೇರ್ಮನ್ನರ ಹತ್ತಿರ ಬೀಗದ ಕೈ. ಸಾಯಂಕಾಲ ಬಾಗಿಲು ತೆಗೆದು ಹಚ್ಚಿದರೆ ಹೊರಗೆ ಗೋಡೆಗೆ ಕಟ್ಟಿದ ಕೊಳವೆಯಲ್ಲಿ ಮಾತು ಬರುತ್ತಿತ್ತು. ಮನೆಯಲ್ಲಿ ಸ್ವಂತ ರೇಡಿಯೋ ಇಡಬೇಕಾದರೆ ಅಂಚೆ ಕಚೇರಿಯಲ್ಲಿ ವರ್ಷವರ್ಷ ಲೈಸೆನ್ಸ್ ಹಣ ಕಟ್ಟಬೇಕಿದ್ದ ಕಾಲ. ಊರ ಗೌಡರು, ಸಾಹುಕಾರರು ಪಂಚಾಯ್ತಿ ಕಟ್ಟೆ ಮೇಲೆ. ನಾಯಕರು, ಗೊಲ್ಲರು ಕಟ್ಟೆಯ ಕೆಳಗೆ. ನಮ್ಮವರು ರಸ್ತೆಯಾಚೆ ಬೇವಿನ ಮರದ ಬುಡದಲ್ಲಿ. ಊರ ಹೋಟ್ಲಲ್ಲಿ ನಮಗೆ ಬೇರೆ ಲೋಟ ಇತ್ತು, ನಾವೇ ತೊಳೆದು ಬೋರಲು ಹಾಕಬೇಕು. ಮಾತನ್ನು ಮಾತ್ರ ಹಂಗೆ ಬೇರೆ ಲೋಟಕ್ಕೆ ಹಾಕಿಕೊಡಲಿಕ್ಕೆ ಅವರಿಗೆ ಬರಲಿಲ್ಲ. ಅದು ಕಟ್ಟೆ ದಾಟಿ, ರಸ್ತೆ ದಾಟಿ ಬಂತು. ರೇಡಿಯೋ ಆಳುವವರ ಆಯುಧ, ಅದರಲ್ಲಿ ನಮಗೇನೂ ಇಲ್ಲ ಅಂತ ಹೇಳುವ ಗೆಳೆಯರಿಗೆ ನಾನು ಮೊದಲು ಹೇಳುವುದು ಇದನ್ನೇ. ಕೇಳುವವನ ಜಾತಿ ಯಾವುದು ಅಂತ ಆ ಪೆಟ್ಟಿಗೆಗೆ ಗೊತ್ತಿರಲಿಲ್ಲ. ಮಾತಾಡುವವನ ಜಾತಿ ಮಾತ್ರ ಗೊತ್ತಿತ್ತು. ನನ್ನ ತಕರಾರು ಅಲ್ಲಿಂದ ಶುರುವಾಗುತ್ತೆ.

ನಮ್ಮ ಕಡೆಗೆ ಸಿಗುತ್ತಿದ್ದುದು ಮುಖ್ಯವಾಗಿ ಭದ್ರಾವತಿ, 675 ಕಿಲೋಹರ್ಟ್ಸ್. ರಾತ್ರಿ ಹೊತ್ತು ಧಾರವಾಡ, ಬೆಂಗಳೂರು. ಗಾಳಿ ಈ ಕಡೆ ಬೀಸಿದರೆ ಕಡಪದ ತೆಲುಗು. ಮೊಳಕಾಲ್ಮೂರು ಸೀಮೆಯ ನಮ್ಮ ಜನದಲ್ಲಿ ಅರ್ಧಕ್ಕರ್ಧ ಮನೆಯೊಳಗೆ ತೆಲುಗು, ಹೊರಗೆ ಕನ್ನಡ. ಅದೂ ಎರಡೂ ಕಲಸಿದ ಭಾಷೆ. ಹಾಗಾಗಿ ನಮ್ಮವ್ವನಿಗೆ ಕಡಪದ ಹಾಡು ಅರ್ಥವಾದಷ್ಟು ಬೆಂಗಳೂರಿನ ವಾರ್ತೆ ಅರ್ಥವಾಗುತ್ತಿರಲಿಲ್ಲ. ಬೆಳಗ್ಗೆ 7 ಗಂಟೆ 5 ನಿಮಿಷಕ್ಕೆ ಪ್ರದೇಶ ಸಮಾಚಾರ, 7.35ಕ್ಕೆ ದಿಲ್ಲಿಯಿಂದ ಕನ್ನಡ ವಾರ್ತೆ. ಇವೆರಡಕ್ಕೂ ಮುಂಚೆ, 6.55ಕ್ಕೆ, ಸಂಸ್ಕೃತ ವಾರ್ತೆ. ಇದು 1974ರಲ್ಲಿ ಶುರುವಾದದ್ದು. ಬಲದೇವಾನಂದ ಸಾಗರ ಅನ್ನುವ ಹೆಸರು ಕರ್ನಾಟಕದ ಯಾವ ಹಳ್ಳಿಯಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ. ಒಂದಕ್ಷರ ಅರ್ಥವಾಗದೆ ನಾವು ಹಟ್ಟಿ ಹುಡುಗರು ಆ ಮೊದಲ ಸಾಲನ್ನು ಬಾಯಿಪಾಠ ಮಾಡಿಕೊಂಡು ದನ ಕಾಯುವಾಗ ಕೂಗುತ್ತಿದ್ದೆವು. ಒಂದು ಸಲ ಊರ ಶಾನುಭೋಗರ ಕಿವಿಗೆ ಬಿದ್ದು, ಅವರಿಗೆ ಬೈಯಬೇಕೋ ನಗಬೇಕೋ ತಿಳಿಯದೆ ಹಾಗೇ ಹೋದರು. 2011ರ ಜನಗಣತಿಯಲ್ಲಿ ಇಡೀ ದೇಶದಲ್ಲಿ ಸಂಸ್ಕೃತ ನನ್ನ ತಾಯಿನುಡಿ ಅಂದವರು 24,821 ಜನ. ಚಳ್ಳಕೆರೆ ಪಟ್ಟಣದ ಅರ್ಧವೂ ಆಗುವುದಿಲ್ಲ. ಅವರಿಗೆ ದಿನಾ ಲೋಕದ ಸುದ್ದಿ ಹೇಳಬೇಕು ಅಂತ ಪ್ರಭುತ್ವಕ್ಕೆ ಅನ್ನಿಸಿತಲ್ಲ, ಅದು ಸುದ್ದಿ ಹೇಳುವ ಆಸೆಯಲ್ಲ. ಲೋಕದ ಬಗ್ಗೆ ಮಾತಾಡುವ ಹಕ್ಕು ಯಾವ ಭಾಷೆಗೆ ಮೊದಲು ಅನ್ನುವುದರ ದಿನನಿತ್ಯದ ಘೋಷಣೆ.

ಈಗ ಒಂದು ಪದದ ಬಗ್ಗೆ ಹೇಳಬೇಕು. ನನ್ನ ಮಟ್ಟಿಗೆ ಕನ್ನಡ ರೇಡಿಯೋದಲ್ಲಿ ಬಂದ ಅತಿ ದೊಡ್ಡ ರಾಜಕೀಯ ಪದ ಅದು: ‘ವರ್ಣಭೇದ ನೀತಿ’.

ದಕ್ಷಿಣ ಆಫ್ರಿಕಾದ ಬಿಳಿಯರ ಸರ್ಕಾರದ ವಿರುದ್ಧ ಭಾರತದ ನಿಲುವು ಮೊದಲಿನಿಂದಲೂ ಗಟ್ಟಿ. 1946ರಲ್ಲೇ ಅದರ ಜೊತೆ ವ್ಯಾಪಾರ ನಿಲ್ಲಿಸಿದ ಮೊದಲ ದೇಶ ನಮ್ಮದು. ಹಾಗಾಗಿ ವಿಶ್ವಸಂಸ್ಥೆಯಲ್ಲಿ ಈ ವಿಷಯ ಬಂದಾಗಲೆಲ್ಲ ದಿಲ್ಲಿಯ ಕನ್ನಡ ವಾರ್ತೆಯಲ್ಲಿ ‘ವರ್ಣಭೇದ ನೀತಿಯನ್ನು ಭಾರತ ಬಲವಾಗಿ ಖಂಡಿಸಿದೆ’ ಅನ್ನುವಂಥ ಮಾತು ಬರುತ್ತಿತ್ತು. ಯಾರೋ ಒಬ್ಬ ಅನುವಾದಕ ಇಂಗ್ಲಿಷಿನ ಸುದ್ದಿ ಮುಂದಿಟ್ಟುಕೊಂಡು, ಮೈಯ ಬಣ್ಣಕ್ಕೆ ಕನ್ನಡದಲ್ಲಿ ಏನು ಅಂತ ಹುಡುಕಿ, ‘ವರ್ಣ’ ಅಂತ ಬರೆದ. ಬಣ್ಣ ಅಂದಿದ್ದರೆ ಆಗುತ್ತಿತ್ತು, ಅದು ಹಳ್ಳಿ ಮಾತಾಯಿತು ಅಂತ ಬಿಟ್ಟಿರಬೇಕು. ಅವನು ಶಿಷ್ಟ ಭಾಷೆಗೆ ಕೈಹಾಕಿದ, ಶಿಷ್ಟ ಭಾಷೆ ಅವನ ಕೈಯನ್ನೇ ಕಚ್ಚಿತು. ಯಾಕೆಂದರೆ ಬೇವಿನ ಮರದ ಕೆಳಗೆ ಕೂತವರಿಗೆ ವರ್ಣ ಅಂದರೆ ಬಣ್ಣ ಅಲ್ಲ. ನಮ್ಮಪ್ಪ ಅದನ್ನು ಕೇಳಿ ನಮ್ಮ ದೊಡ್ಡಪ್ಪನಿಗೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ‘ಅಣ್ಣ, ಅಲ್ಲೂ ಐತಂತೆ ಕಣಣ್ಣ.’ ದೊಡ್ಡಪ್ಪ ಬೀಡಿ ಹಚ್ಚುತ್ತಾ, ‘ಅಲ್ಲಿ ಹೋಟ್ಲಾಗೂ ಲೋಟ ಬ್ಯಾರೆ ಮಡಗ್ತಾರಂತಾ?’ ಅಂದ. ಅಪ್ಪನಿಗೆ ಗೊತ್ತಿರಲಿಲ್ಲ. ಆದರೆ ಆವತ್ತಿಂದ ಅವರಿಬ್ಬರಿಗೂ ದಕ್ಷಿಣ ಆಫ್ರಿಕಾ ಅಂದರೆ ಬಳ್ಳಾರಿಯಿಂದ ಒಂಚೂರು ಆಚೆ ಇರುವ ಯಾವುದೋ ಊರು.

ಕಟ್ಟೆಯ ಮೇಲೆ ಕೂತವರೂ ಅದೇ ವಾರ್ತೆ ಕೇಳುತ್ತಿದ್ದರು. ಅಲ್ಲಿ ಬಿಳಿಯರು ಕರಿಯರಿಗೆ ಎಂಥಾ ಅನ್ಯಾಯ ಮಾಡ್ತಾರೆ ನೋಡ್ರೀ ಅಂತ ಮರುಗುತ್ತಿದ್ದರು. ಆ ಮರುಕ ಸುಳ್ಳು ಅಂತ ನಾನು ಹೇಳುವುದಿಲ್ಲ. ಅದು ನಿಜವಾದ ಮರುಕವೇ. ಒಂದೇ ವಾಕ್ಯವನ್ನು ರಸ್ತೆಯ ಈಚೆ ಒಂದು ಥರ, ಆಚೆ ಒಂದು ಥರ ಕೇಳಲಾಯಿತು, ಅಷ್ಟೇ. ಒಂದು ಪಠ್ಯಕ್ಕೆ ಓದುಗರು ಅವರವರ ನೆಲೆಯಿಂದ ಅರ್ಥ ಕಟ್ಟುತ್ತಾರೆ ಅಂತ ನಮ್ಮ ವಿಮರ್ಶಕರು ಫ್ರೆಂಚರ ಹೆಸರು ಹೇಳಿ ಬರೆಯುತ್ತಾರೆ. ಇರಲಿ. ನಮ್ಮೂರ ರಸ್ತೆಯ ಅಗಲ ಹೆಚ್ಚೆಂದರೆ ಹದಿನೈದು ಅಡಿ ಇತ್ತು.

1990ರ ಫೆಬ್ರವರಿ 11ರಂದು ನೆಲ್ಸನ್ ಮಂಡೇಲಾ ಬಿಡುಗಡೆಯಾದಾಗ ನಾನು ಮೇಷ್ಟ್ರಾಗಿದ್ದೆ, ಹಟ್ಟಿಯಲ್ಲಿ ಆರೇಳು ಟ್ರಾನ್ಸಿಸ್ಟರ್‌ಗಳು ಬಂದಿದ್ದವು. ಸಂಘದ ಹುಡುಗರು ಸುದ್ದಿ ಕೇಳಿ ರಾತ್ರಿಯೇ ಗೋಡೆ ಮೇಲೆ ಬರೆದರು. ದೊಡ್ಡಪ್ಪ ಆಗ ಇರಲಿಲ್ಲ. 2001ರಲ್ಲಿ ಅದೇ ದಕ್ಷಿಣ ಆಫ್ರಿಕಾದ ಡರ್ಬನ್ ನಗರದಲ್ಲಿ ಜನಾಂಗಭೇದದ ವಿರುದ್ಧ ವಿಶ್ವಸಂಸ್ಥೆಯ ಸಮ್ಮೇಳನ ನಡೆಯಿತು. ಜಾತಿಯ ಪ್ರಶ್ನೆಯನ್ನೂ ಅಲ್ಲಿ ಎತ್ತಬೇಕು ಅಂತ ದಲಿತ ಸಂಘಟನೆಗಳು ಹೋದವು. ಜಾತಿ ಬೇರೆ, ಜನಾಂಗ ಬೇರೆ, ಇದು ನಮ್ಮ ಮನೆಯ ವಿಷಯ ಅಂತ ಭಾರತ ಸರ್ಕಾರ ಅಡ್ಡ ನಿಂತಿತು. ಆ ಹೊತ್ತಿಗೆ ನಾನು ಗಮನಿಸಿದ್ದು, ನಾನು ಕೇಳಿದ ವಾರ್ತೆಗಳಲ್ಲೆಲ್ಲ ಹಳೆಯ ‘ವರ್ಣಭೇದ’ ಹೋಗಿ ‘ಜನಾಂಗೀಯ ತಾರತಮ್ಯ’ ಬಂದು ಕೂತಿತ್ತು. ಯಾರಾದರೂ ಬೇಕೆಂದೇ ಬದಲಿಸಿದರು ಅಂತ ನಾನು ಹೇಳಲಾರೆ. ಭಾಷೆ ಕಾಲಕ್ಕೆ ತಕ್ಕಂತೆ ಬದಲಾಗುತ್ತೆ. ಆದರೆ ಹಳೆಯ ಪದ ಇದ್ದಿದ್ದರೆ, ಸರ್ಕಾರದ ನಿಲುವನ್ನು ಕನ್ನಡದಲ್ಲಿ ಓದುವಾಗ ‘ವರ್ಣಭೇದಕ್ಕೂ ವರ್ಣಕ್ಕೂ ಸಂಬಂಧವಿಲ್ಲ’ ಅಂತ ಓದಬೇಕಾಗುತ್ತಿತ್ತು. ಓದುವವರಿಗೆ ನಗು ತಡೆಯುವುದು ಕಷ್ಟವಾಗುತ್ತಿತ್ತು.

ರೇಡಿಯೋದ ಮಾತಿನ ಪ್ರಕಾರಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಕೇಳಿದವರಿಗೆ ಗೊತ್ತು. ರೈತರ ಕಾರ್ಯಕ್ರಮದ ಸಂಭಾಷಣೆಯಲ್ಲಿ ಒಬ್ಬ ಹಳ್ಳಿಯವನು, ಒಬ್ಬ ತಿಳಿದವನು. ಹಳ್ಳಿಯವನು ‘ಅಂಗಂದ್ರೇನ್ ಸಾಮಿ’ ಅಂತ ಕೇಳಬೇಕು, ತಿಳಿದವನು ಪುಸ್ತಕದ ಕನ್ನಡದಲ್ಲಿ ಉತ್ತರ ಕೊಡಬೇಕು. ಪ್ರಶ್ನೆ ಆಡುಮಾತಿನಲ್ಲಿ, ಜ್ಞಾನ ಗ್ರಂಥಭಾಷೆಯಲ್ಲಿ. ಇದು ತಲೆಕೆಳಗಾದದ್ದನ್ನು ನಾನು ಕೇಳಿಲ್ಲ. ಇನ್ನೊಂದು ಒಳಗುಟ್ಟು, ಹಾಡು ಮತ್ತು ಭಾಷಣದ ನಡುವಿನ ಗೋಡೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟದ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಗೊತ್ತಿಲ್ಲದೆ ಸಾವಿರಾರು ಪದ ಹೇಳಬಲ್ಲವರಾಗಿದ್ದರು. ವಿಶ್ವವಿದ್ಯಾಲಯ ಅವರನ್ನು ನಾಡೋಜ ಅಂತ ಕರೆಯಿತು. ಅಂಥವರ ಹಾಡು ಬೇಕು. ಹಾಡಿನ ಬಗ್ಗೆ ಮಾತು ಬೇಕಾದಾಗ ಮಾತ್ರ ಪದವಿ ಇದ್ದವರು ಬರಬೇಕು. ತಳುಕು, ಬೆಳಗೆರೆಗಳು ನಮ್ಮ ತಾಲ್ಲೂಕಿನವೇ. ತಳುಕಿನ ವೆಂಕಣ್ಣಯ್ಯನವರು, ತ.ರಾ.ಸು., ಬೆಳಗೆರೆ ಕೃಷ್ಣಶಾಸ್ತ್ರಿಗಳು, ಇವರೆಲ್ಲ ದೊಡ್ಡವರು, ನನಗೆ ಅವರ ಮೇಲೆ ಗೌರವ ಇದೆ. ಅದೇ ಮಣ್ಣಿನಲ್ಲಿ ಹುಟ್ಟಿದ ತಮಟೆಯವನಿಗೂ ಲೋಕದ ಬಗ್ಗೆ ಒಂದು ಅಭಿಪ್ರಾಯ ಇರಬಹುದು ಅಂತ ಮೈಕಿನ ಹಿಂದಿನವರಿಗೆ ಹೊಳೆಯಲೇ ಇಲ್ಲವಲ್ಲ, ಅದು ನನ್ನ ಪ್ರಶ್ನೆ.

ನಮ್ಮಪ್ಪ ಊರ ತಮಟೆಯವನು. ಸಾವಿಗೆ, ಜಾತ್ರೆಗೆ, ಡಂಗುರಕ್ಕೆ. ಊರ ಹುಟ್ಟುವಳಿ ಚಾಕರಿಗಳನ್ನು ರದ್ದು ಮಾಡಿದ ಕಾಯ್ದೆ 1961ರಲ್ಲೇ ಬಂತು. ತಮಟೆ ಅಪ್ಪನ ಹೆಗಲಿಂದ ಇಳಿದದ್ದು ಎಂಬತ್ತರ ದಶಕ ಕಳೆದ ಮೇಲೆ. ಅಮಲ್ದಾರರು ಬರ್ತಾರೆ, ಕಂದಾಯ ಕಟ್ಟಿ, ಕೆರೆ ಮೀನು ಹರಾಜು, ದನಗಳಿಗೆ ಸೂಜಿಮದ್ದು, ಇವನ್ನೆಲ್ಲ ಅವನು ಬೀದಿಬೀದಿ ನಿಂತು ಸಾರುತ್ತಿದ್ದ. ಊರೊಳಗೆ ಎಲ್ಲಾ ಬೀದಿಗೂ ಹೋಗಬಹುದಾಗಿದ್ದ ಏಕೈಕ ಮಾದಿಗ ಅವನು, ಅದೂ ತಮಟೆ ಕೈಯಲ್ಲಿ ಇರುವಷ್ಟು ಹೊತ್ತು. ಅವನ ದನಿಗೆ ಎಲ್ಲರೂ ಕಿವಿ ಕೊಡಬೇಕು, ಅವನ ಮಾತಿಗಲ್ಲ. ಮಾತು ಬೇರೆಯವರದು.

ಆದರೆ ಇಲ್ಲಿ ಒಂದು ಸೂಕ್ಷ್ಮ ಇದೆ, ಅದನ್ನು ಹೇಳಲಿಕ್ಕೇ ಇಷ್ಟೆಲ್ಲ ಬರೆದೆ. ನಮ್ಮಪ್ಪ ಯಾವ ಸಾರನ್ನೂ ‘ಅಂತೆ’ ಇಲ್ಲದೆ ಮುಗಿಸುತ್ತಿರಲಿಲ್ಲ. ‘ಕೇಳ್ರಪ್ಪೋ, ನಾಳಿಕ್ಕೆ ಅಮಲ್ದಾರ್ರು ಬರ್ತಾರಂತೆ. ಬಾಕಿ ಇದ್ದೋರು ಕಟ್ಟಬೇಕಂತೆ. ಕಟ್ಟದಿದ್ರೆ ಪಾತ್ರೆ ಪಡಗ ಎತ್ತಾಕ್ಕೊಂಡು ಹೋಗ್ತಾರಂತೆ.’ ಈ ‘ಅಂತೆ’ಯನ್ನು ಅವನು ಎಳೆಯುವ ರೀತಿಯಲ್ಲೇ ಊರಿಗೆ ಎಲ್ಲಾ ತಿಳಿಯುತ್ತಿತ್ತು. ಗಿಡ್ಡಕ್ಕೆ ಮುಗಿಸಿದರೆ ಸುದ್ದಿ ನಿಜ. ಉದ್ದಕ್ಕೆ ಎಳೆದರೆ, ಹಂಗೆ ಹೇಳ್ತಾರಪ್ಪ, ನೋಡಾನ. ಒಂದು ಸಲ ಕೊನೆಗೆ ತಮಟೆಗೆ ಎರಡು ಹೆಚ್ಚಿನ ಪೆಟ್ಟು ಹಾಕಿದ, ಕಟ್ಟೆ ಮೇಲಿದ್ದವರೂ ನಕ್ಕುಬಿಟ್ಟರು. ಹೇಳಿಸಿದವರು ಏನೂ ಮಾಡುವ ಹಾಗಿಲ್ಲ, ಅಕ್ಷರ ಅಕ್ಷರ ಹೇಳಿದ್ದಾನೆ. ಕನ್ನಡದ ಈ ಪ್ರತ್ಯಯ ಬಹಳ ದೊಡ್ಡದು. ಮಾತು ನನ್ನದಲ್ಲ, ಅದರ ಹೊಣೆಯೂ ನನ್ನದಲ್ಲ, ಅದನ್ನು ನಂಬಬೇಕೋ ಬೇಡವೋ ನೀವೇ ನೋಡಿಕೊಳ್ಳಿ ಅಂತ ಒಂದೇ ಉಸಿರಲ್ಲಿ ಹೇಳುತ್ತೆ. ಮೌಖಿಕ ಪರಂಪರೆಯ ವಿಮರ್ಶೆ ಎಲ್ಲಿದೆ ಅಂತ ಹುಡುಕುವವರು ಕಾವ್ಯದಲ್ಲೇ ಯಾಕೆ ಹುಡುಕಬೇಕು? ಡಂಗುರದ ‘ಅಂತೆ’ಯಲ್ಲಿ ಅದು ಇತ್ತು. ರೇಡಿಯೋ ವಾರ್ತೆಯಲ್ಲಿ ನೀವು ಒಂದು ‘ಅಂತೆ’ ಕೇಳಿದ್ದೀರಾ? ಅಲ್ಲಿ ‘ತಿಳಿಸಿದ್ದಾರೆ’, ‘ಘೋಷಿಸಲಾಗಿದೆ’, ‘ಕ್ರಮ ಕೈಗೊಳ್ಳಲಾಗುವುದು’. ಯಾರು ಕೈಗೊಳ್ಳುತ್ತಾರೆ ಅನ್ನುವುದೂ ಇಲ್ಲ.

ಹೆಸರೇ ನೋಡಿ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಒಂದು ಪ್ರಸಾರ ಕೇಂದ್ರ ಶುರುಮಾಡಿದರು. ಸ್ವಂತ ದುಡ್ಡಿನಲ್ಲಿ, ಸ್ವಂತ ಹುಚ್ಚಿನಲ್ಲಿ. ದೊಡ್ಡ ಕೆಲಸ. ಆ ಕೇಂದ್ರಕ್ಕೆ ಆಕಾಶವಾಣಿ ಅಂತ ಹೆಸರಾಯಿತು, ಮುಂದೆ ಅದೇ ಇಡೀ ದೇಶದ ರೇಡಿಯೋದ ಹೆಸರೂ ಆಯಿತು. ನಾವು ಕನ್ನಡಿಗರು ಹೆಮ್ಮೆ ಪಡುತ್ತೇವೆ. ಪುರಾಣದ ಆಕಾಶವಾಣಿ ಎಂಥದ್ದು? ಮೇಲಿಂದ ಬರುತ್ತೆ, ಮೈ ಇಲ್ಲ, ಕಂಸ ತಿರುಗಿ ಒಂದು ಪ್ರಶ್ನೆ ಕೇಳುವ ಹಾಗಿಲ್ಲ. ತಮಟೆಯವನಿಗೆ ಮೈ ಇತ್ತು. ಆ ಮೈಯನ್ನು ಮುಟ್ಟಬಾರದು ಅಂತಿದ್ದರು, ಅದು ಬೇರೆ. ಆದರೆ ಬೀದಿಯಲ್ಲಿ ನಿಲ್ಲಿಸಿ ‘ಏನಲೇ ಅದು, ಇನ್ನೊಂದು ಸಲ ಹೇಳಲೇ’ ಅಂತ ಕೇಳಬಹುದಿತ್ತು. ಅವನು ಹೇಳುತ್ತಿದ್ದ, ಪ್ರತಿ ಸಲ ಬೇರೆ ರಾಗದಲ್ಲಿ.

ಮೊಳಕಾಲ್ಮೂರು ತಾಲ್ಲೂಕಿನವರಿಗೆ ಈ ಸಾರುವ ಕೆಲಸದ ಇತಿಹಾಸ ಕಲ್ಲಿನಲ್ಲೇ ಇದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರು ಕಡೆ ಅಶೋಕನ ಶಾಸನ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಅದಕ್ಕೆ ಮುಂಚೆ ನಮ್ಮ ಜನ ಬ್ರಹ್ಮಗಿರಿಯ ಕಲ್ಲನ್ನು ಅಕ್ಷರಗುಂಡು ಅಂತ ಕರೆಯುತ್ತಿದ್ದರು. ಏನು ಅಕ್ಷರ ಅಂತ ಗೊತ್ತಿರಲಿಲ್ಲ, ಅಕ್ಷರ ಅಂತ ಮಾತ್ರ ಗೊತ್ತಿತ್ತು. ಸುವರ್ಣಗಿರಿಯಿಂದ ಹೊರಟ ಆಜ್ಞೆ ಇಸಿಲದ ಮಹಾಮಾತ್ರರಿಗೆ ಬರುತ್ತೆ. ಮೊದಲು ಕುಶಲ ಕೇಳಿ, ಆಮೇಲೆ ದೇವಾನಾಂಪ್ರಿಯ ಹೀಗೆ ಹೇಳುತ್ತಾನೆ ಅಂತ ಶುರು. ಅದೂ ಒಂದು ಥರ ‘ಅಂತೆ’ಯೇ. ಪ್ರಯತ್ನಪಟ್ಟರೆ ಸಿಗುವ ಫಲ ದೊಡ್ಡವರಿಗೆ ಮಾತ್ರ ಅಲ್ಲ, ಚಿಕ್ಕವರಿಗೂ ಸಿಗುತ್ತೆ ಅನ್ನುವುದು ಅದರ ಮುಖ್ಯ ಮಾತು. ಬರೆದವನು ಚಪಡ ಅನ್ನುವ ಲಿಪಿಕಾರ, ತನ್ನ ಹೆಸರನ್ನೂ ಹಾಕಿಕೊಂಡಿದ್ದಾನೆ, ‘ಲಿಪಿಕಾರ’ ಅನ್ನುವುದನ್ನು ಖರೋಷ್ಠಿ ಲಿಪಿಯಲ್ಲಿ ಬರೆದು ತನಗೆ ಅದೂ ಬರುತ್ತೆ ಅಂತ ತೋರಿಸಿದ್ದಾನೆ. ಬರೆದವನ ಹೆಸರು ಉಳಿಯಿತು. ಓದಿ ಹೇಳಿದವನ ಹೆಸರು? ಪಕ್ಕದ ಕರ್ನೂಲು ಜಿಲ್ಲೆಯ ಎರ್ರಗುಡಿಯ ಶಾಸನದಲ್ಲಿ ಈ ಆಜ್ಞೆಯನ್ನು ಜನಪದದ ಜನಕ್ಕೆ ಭೇರಿ ಹೊಡೆದು ತಿಳಿಸಬೇಕು ಅನ್ನುವ ಮಾತಿದೆ. ಭೇರಿ ಹೊಡೆದವನು ಯಾವ ಕುಲದವನು ಅಂತ ಶಾಸನ ಹೇಳುವುದಿಲ್ಲ. ಅಶೋಕನ ಕಾಲದಲ್ಲಿ ಇವತ್ತಿನ ಜಾತಿಗಳಿದ್ದವು ಅಂತ ವಾದಿಸುವುದು ಅವಸರ, ನಾನು ಆ ತಪ್ಪು ಮಾಡುವುದಿಲ್ಲ. ಚರ್ಮ ಹದ ಮಾಡಿ ಬಿಗಿದವನು ಒಬ್ಬ ಇದ್ದ, ಅಷ್ಟು ಖಂಡಿತ.

ತೊಂಬತ್ತರ ದಶಕದ ಒಂದು ಏಪ್ರಿಲ್‌ನಲ್ಲಿ ನನಗೂ ರೇಡಿಯೋದಿಂದ ಕಾಗದ ಬಂತು. ಯಾವ ನಿಲಯ ಅನ್ನುವುದು ಬೇಡ, ಎಲ್ಲ ಕಡೆಯೂ ನಡೆಯಬಹುದಾದದ್ದೇ. ಅಂಬೇಡ್ಕರ್ ಜಯಂತಿಗೆ ಹತ್ತು ನಿಮಿಷದ ಭಾಷಣ, ವಿಷಯ ಅವರದೇ: ಸಮಾಜ ಸುಧಾರಣೆ. ನಾನು ಬ್ರಹ್ಮಗಿರಿಯ ಬಗ್ಗೆ ಮಾತಾಡಬಹುದೇ ಅಂತ ಕೇಳಿದೆ. ಇತಿಹಾಸಕ್ಕೆ ಬೇರೆ ತಜ್ಞರಿದ್ದಾರೆ ಸಾರ್, ನೀವು ನಿಮ್ಮ ಅನುಭವ ಹೇಳಿ ಅಂದರು. ವಿನಯವಾಗಿಯೇ ಅಂದರು. ಆಮೇಲೆ ಯೋಚಿಸಿದರೆ, ನಮ್ಮ ಗೆಳೆಯರ ಬಳಗದಲ್ಲಿ ಯಾರನ್ನೂ ಏಪ್ರಿಲ್ ಬಿಟ್ಟು ಬೇರೆ ತಿಂಗಳಲ್ಲಿ ಕರೆದಿರಲಿಲ್ಲ. ಸೋವಿಯತ್ ರಷ್ಯ ಒಡೆದದ್ದರ ಬಗ್ಗೆ, ಡಂಕೆಲ್ ಕರಡಿನ ಬಗ್ಗೆ, ಗ್ರಹಣದ ಬಗ್ಗೆ ನಮಗೂ ಹೇಳುವುದಿತ್ತು. ದಲಿತನಿಗೆ ಅನುಭವ ಇರುತ್ತೆ, ಜ್ಞಾನ ಇರುವುದಿಲ್ಲ ಅನ್ನುವುದು ರೇಡಿಯೋದ ತಪ್ಪು ಮಾತ್ರ ಅಲ್ಲ. ನಮ್ಮ ಆತ್ಮಕತೆಗಳನ್ನು ಹೊಗಳಿ ನಮ್ಮ ವಿಚಾರಗಳನ್ನು ಮುಟ್ಟದೆ ಬಿಟ್ಟ ಕನ್ನಡ ವಿಮರ್ಶೆಯ ತಪ್ಪೂ ಹೌದು.

ಆದರೂ ನಾನು ಬ್ರಹ್ಮಗಿರಿಯನ್ನು ನಡುವೆ ತೂರಿಸಿ ಬರೆದೆ. ಭಾಷಣದ ಪ್ರತಿಯನ್ನು ಮುಂಚೆಯೇ ಕೊಡಬೇಕು, ಅದು ನಿಯಮ. ಆಕಾಶವಾಣಿಗೆ ಒಂದು ಪ್ರಸಾರ ಸಂಹಿತೆ ಇದೆ: ಸ್ನೇಹದೇಶಗಳ ಟೀಕೆ ಕೂಡದು, ಪಕ್ಷದ ಹೆಸರು ಹೇಳಿ ಬೈಯುವುದು ಕೂಡದು, ಧರ್ಮ ಸಮುದಾಯಗಳ ಮೇಲೆ ದಾಳಿ ಕೂಡದು. ಇವುಗಳಲ್ಲಿ ಹಲವು ಸರಿಯಾದವೇ. ನನ್ನ ಪ್ರತಿ ಕೆಂಪು ಶಾಯಿ ಬಳಿದುಕೊಂಡು ವಾಪಸ್ ಬಂತು. ‘ಮಾದಿಗರ ಹಟ್ಟಿ’ ಇದ್ದಲ್ಲೆಲ್ಲ ‘ದುರ್ಬಲ ವರ್ಗದವರ ಬಡಾವಣೆ’. ‘ಬಿಡಲಿಲ್ಲ’ ಇದ್ದಲ್ಲಿ ‘ಅವಕಾಶವಿರಲಿಲ್ಲ’. ಒಂದು ಪ್ಯಾರಾ ಪೂರ್ತಿ ಹೊಡೆದಿದ್ದರು. ನಾನು ಜಗಳವಾಡಲಿಲ್ಲ. ಇದನ್ನು ಒಪ್ಪಿಕೊಳ್ಳಬೇಕು. ಮೈಕಿನ ಮುಂದೆ ಕೂರುವ ಆಸೆ ದೊಡ್ಡದಿತ್ತು, ಕೆಂಪು ದೀಪ ಹತ್ತಿದ ಕೂಡಲೇ ತಿದ್ದಿದ್ದನ್ನು ಹಾಗೇ ಓದಿದೆ. ನಿಮಗೆ ಒಳ್ಳೆ ಕಂಠ ಇದೆ ಸಾರ್ ಅಂದರು. ಕಂಠ ನಮ್ಮಪ್ಪನದು.

ಪ್ರಸಾರದ ದಿನ ಹಟ್ಟಿಯೆಲ್ಲ ನಮ್ಮ ಮನೆ ಮುಂದೆ. ಅಪ್ಪನಿಗೆ ಆಗಲೇ ಕಣ್ಣು ಮಂದ, ಟ್ರಾನ್ಸಿಸ್ಟರನ್ನು ತೊಡೆ ಮೇಲೆ ಇಟ್ಟುಕೊಂಡು ಕೇಳಿದ. ಮುಗಿದ ಮೇಲೆ ಎಲ್ಲರೂ ಭೇಷ್ ಅಂದರು, ಇವನು ಸುಮ್ಮನೆ ಇದ್ದ. ರಾತ್ರಿ ಉಣ್ಣುವಾಗ ಕೇಳಿದ. ‘ಇದನ್ನ ಬರೆದೋರು ಯಾರಪ್ಪಾ?’ ನಾನೇ ಅಂದೆ. ‘ನೀನು ಬರೆದಂಗಿರ್ಲಿಲ್ಲ. ಯಾರೋ ಹೇಳಿಸ್ದಂಗಿತ್ತು.’ ನಾನು ತಿದ್ದಿದ ಕತೆ ಹೇಳಿದೆ. ಅಪ್ಪ ಬಹಳ ಹೊತ್ತು ಬಿಟ್ಟು, ‘ಆಯ್ತು, ಹೇಳಿಸ್ತಾರೆ, ಹೇಳ್ಬೇಕಾಗ್ತತಿ. ನಾನೇನ್ ಹೇಳ್ಲಿಲ್ವಾ? ಆದ್ರೆ ಎಲ್ಲಾದ್ರೂ ಒಂದ್ಕಡೆ ಅಂತೆ ಅನ್ನಬಾರ್ದಾಗಿತ್ತೇನೋ’ ಅಂದ. ಎಂ.ಎ. ತರಗತಿಯಲ್ಲಿ ನಾನು ಕೇಳಿದ ಯಾವ ವಿಮರ್ಶೆಯೂ ನನಗೆ ಇಷ್ಟು ಚುಚ್ಚಿಲ್ಲ.

ದಲಿತ ಸಂಘರ್ಷ ಸಮಿತಿ ಎಪ್ಪತ್ತರ ದಶಕದಲ್ಲಿ ಬೇರುಬಿಟ್ಟದ್ದು ಭದ್ರಾವತಿಯಲ್ಲಿ, ಅಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಪ್ರೊ. ಬಿ. ಕೃಷ್ಣಪ್ಪನವರ ಸುತ್ತ. ಅದೇ ಊರಿನ ನಿಲಯದಿಂದ ನಮಗೆ ದಿನಾ ಮಾತು ಬರುತ್ತಿತ್ತು. ಸಮಿತಿಯ ಮಾತು ಬಂದದ್ದು ಮಾತ್ರ ಕಾಲ್ನಡಿಗೆಯಲ್ಲಿ, ಹಾಡಿನಲ್ಲಿ, ಕರಪತ್ರದಲ್ಲಿ. ಅದಕ್ಕೇ ನಮ್ಮಲ್ಲಿ ಕೆಲವರು, ಆಕಾಶ ಅವರದು, ಬೀದಿ ನಮ್ಮದು, ಸಾಕು ಬಿಡ್ರಿ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಬಾಬಾಸಾಹೇಬರು ಹಾಗೆ ಅನ್ನಲಿಲ್ಲ. 1954ರ ಅಕ್ಟೋಬರ್ 3ರಂದು ಅವರು ಇದೇ ಆಕಾಶವಾಣಿಯಲ್ಲಿ ತಮ್ಮ ತತ್ತ್ವಜ್ಞಾನದ ಬಗ್ಗೆ ಮಾತಾಡಿದರು. ಸ್ವಾತಂತ್ರ್ಯ, ಸಮಾನತೆ, ಸೋದರತೆಗಳನ್ನು ನಾನು ಫ್ರೆಂಚ್ ಕ್ರಾಂತಿಯಿಂದ ಎರವಲು ತಂದದ್ದಲ್ಲ, ನನ್ನ ಗುರು ಬುದ್ಧನಿಂದ ಪಡೆದದ್ದು ಅನ್ನುವುದು ಅದರ ತಿರುಳು. 1956ರ ಮೇ ತಿಂಗಳಲ್ಲಿ ಬಿಬಿಸಿಯಲ್ಲಿ ಬೌದ್ಧಧರ್ಮ ಇವತ್ತಿನ ಲೋಕಕ್ಕೆ ಯಾಕೆ ಬೇಕು ಅಂತ ಮಾತಾಡಿದರು. ಗಮನಿಸಿ, ಎರಡೂ ಕಡೆ ಅವರು ಅನುಭವ ಹೇಳಲು ಹೋಗಲಿಲ್ಲ. ಲೋಕದ ಬಗ್ಗೆ ತೀರ್ಪು ಕೊಡಲು ಹೋದರು. ಸರಿಯಾಗಿ ಅರವತ್ತು ವರ್ಷದ ಮೇಲೆ, 2014ರ ಅಕ್ಟೋಬರ್ 3ರಂದು, ಅದೇ ಆಕಾಶವಾಣಿಯಲ್ಲಿ ಪ್ರಧಾನಿಯವರ ಮನದ ಮಾತು ಶುರುವಾಯಿತು. ತಾರೀಕು ಒಂದೇ ಆದದ್ದು ಕಾಕತಾಳೀಯ ಇರಬಹುದು. ಮೊದಲನೆಯದರ ನೆನಪು ಆ ದಿನ ಯಾರಿಗೂ ಬಂದಂತೆ ಕಾಣಲಿಲ್ಲ.

ರೇಡಿಯೋದ ವಿಜ್ಞಾನದ ಬಗ್ಗೆ ನನಗೆ ಒಳ್ಳೆಯ ನೆನಪೂ ಇದೆ. 1991ರಲ್ಲಿ ಮಾನವನ ವಿಕಾಸದ ಬಗ್ಗೆ ದೇಶದ ಹಲವು ಭಾಷೆಗಳಲ್ಲಿ ಒಂದು ದೊಡ್ಡ ಸರಣಿ ಬಂತು, ಕನ್ನಡದಲ್ಲೂ ಬಂತು. ನಾನು ಶಾಲೆಯ ಮಕ್ಕಳನ್ನು ಕೂರಿಸಿ ಕೇಳಿಸುತ್ತಿದ್ದೆ. ತಲೆ, ತೋಳು, ತೊಡೆ, ಪಾದಗಳಿಂದ ಹುಟ್ಟಿದ ಕತೆ ಕೇಳಿ ಬೆಳೆದ ಮಕ್ಕಳಿಗೆ, ಎಲ್ಲರೂ ಒಂದೇ ಕಡೆಯಿಂದ ಬಂದವರು ಅಂತ ಸರ್ಕಾರದ ಪೆಟ್ಟಿಗೆಯೇ ಹೇಳಿತು. ಒಬ್ಬ ಹುಡುಗ, ‘ಹಂಗಾದ್ರೆ ಗೌಡ್ರೂ ಕೋತಿನೇನಾ ಸಾ?’ ಅಂತ ಕೇಳಿ ಏಟು ತಿಂದ. ನನ್ನಿಂದ ಅಲ್ಲ.

ಅದೇ ವಿಜ್ಞಾನ ನಮ್ಮ ತಾಲ್ಲೂಕಿಗೇ ಬಂದು ಕೂತಾಗ ಮಾತು ಬದಲಾಯಿತು. 2010ರ ಆಸುಪಾಸಿನಲ್ಲಿ ಕುದಾಪುರ, ಉಳ್ಳಾರ್ತಿ, ವರವು ಕಾವಲುಗಳ ಅಮೃತಮಹಲ್ ಹುಲ್ಲುಗಾವಲಿನಲ್ಲಿ ರಕ್ಷಣಾ ಸಂಶೋಧನೆಯವರಿಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573 ಎಕರೆ ಕೊಟ್ಟರು. ಕುರಿಯವರು, ದನದವರು ಹೋರಾಡಿದರು, ಪ್ರಕರಣ ಹಸಿರು ನ್ಯಾಯಮಂಡಳಿಗೂ ಹೋಯಿತು. ಹುಲ್ಲುಗಾವಲು ಅಂದರೆ ದನ ಇದ್ದವರ ವಿಷಯ ಅಂತ ನಮ್ಮ ಚಳುವಳಿಯೂ ಆಗ ತಡವಾಗಿ ಎಚ್ಚೆತ್ತಿತು. ಭೂಮಿ ಇಲ್ಲದ ಹಟ್ಟಿಯವರಿಗೆ ಎರಡು ಆಡು ಮೇಯಿಸಲಿಕ್ಕೆ, ಸೌದೆಗೆ, ಪೊರಕೆ ಕಡ್ಡಿಗೆ ಇದ್ದದ್ದು ಆ ಕಾವಲೇ. 2023ರ ಏಪ್ರಿಲ್ 2ರ ಬೆಳಗ್ಗೆ ಒಂದು ಹೆಲಿಕಾಪ್ಟರ್ ರೆಕ್ಕೆ ಇರುವ ರಾಕೆಟ್ಟನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು, ಅದು ತಾನೇ ತಾನಾಗಿ ಕಾವಲಿನ ಓಡುದಾರಿಗೆ ಬಂದು ಇಳಿಯಿತು. ನಿಜವಾಗಿ ದೊಡ್ಡ ಸಾಧನೆ, ನಾನು ಖುಷಿಪಟ್ಟೆ. ಆ ವಾರ ನಾನು ಕೇಳಿದ ಮಾತುಗಳಲ್ಲಿ ಎತ್ತರ, ವೇಗ, ಕೋನ ಎಲ್ಲಾ ಇತ್ತು. ಇಳಿದ ನೆಲ ಯಾರದಾಗಿತ್ತು ಅನ್ನುವುದು ಇರಲಿಲ್ಲ. ಅದೂ ವಿಜ್ಞಾನದ ವಿಷಯವೇ, ನೆಲವಿಲ್ಲದೆ ಯಾವುದೂ ಇಳಿಯುವುದಿಲ್ಲ.

ಹಾಗಾದರೆ ನಮ್ಮದೇ ಒಂದು ನಿಲಯ ಮಾಡೋಣ ಅಂತ ಸಂಘದ ಹುಡುಗರು ಕೇಳುತ್ತಾರೆ. ಅಲೆಗಳು ಸಾರ್ವಜನಿಕರ ಆಸ್ತಿ ಅಂತ ಸುಪ್ರೀಂ ಕೋರ್ಟು 1995ರಲ್ಲಿ ಹೇಳಿತು. ಸಂಘಸಂಸ್ಥೆಗಳಿಗೆ ಸಮುದಾಯ ರೇಡಿಯೋ ಬಾಗಿಲು ತೆರೆದದ್ದು 2006ರ ನೀತಿಯಲ್ಲಿ. ಕೋಲಾರ ಜಿಲ್ಲೆಯ ಬೂದಿಕೋಟೆಯವರು ಪರವಾನಗಿ ಸಿಗದ ಕಾಲದಲ್ಲೇ ತಂತಿ ಎಳೆದು ‘ನಮ್ಮ ಧ್ವನಿ’ ನಡೆಸಿದರು. ಜಹೀರಾಬಾದ್ ಹತ್ತಿರದ ಮಾಚ್ನೂರಿನಲ್ಲಿ 2008ರ ಅಕ್ಟೋಬರ್‌ನಲ್ಲಿ ದಲಿತ ಹೆಣ್ಣುಮಕ್ಕಳು ಸಂಘಂ ರೇಡಿಯೋ ಶುರುಮಾಡಿದರು, ಬೀಜ, ಮಳೆ, ಮದ್ದಿನ ಬಗ್ಗೆ ತಮ್ಮ ತೆಲುಗಿನಲ್ಲೇ ತಜ್ಞರ ಹಾಗೆ ಮಾತಾಡಿದರು. ಆದರೆ ಆ ನೀತಿಯ ಒಂದು ಷರತ್ತು, ಸುದ್ದಿ ಮತ್ತು ರಾಜಕೀಯ ಕೂಡದು. ಖಾಸಗಿ ಎಫ್‌ಎಂಗಳಿಗೆ 2011ರಲ್ಲಿ ಒಂದು ಸಡಿಲಿಕೆ ಬಂತು, ಆಕಾಶವಾಣಿಯ ವಾರ್ತೆಯನ್ನು ಏನೂ ಬದಲಿಸದೆ ಮರುಪ್ರಸಾರ ಮಾಡಬಹುದು. ಪತ್ರಿಕೆ ಬರೆಯಬಹುದು, ಟೀವಿ ಕಿರುಚಬಹುದು, ಅಕ್ಷರ ಬಾರದವನಿಗೂ ತಲುಪುವ ರೇಡಿಯೋ ಮಾತ್ರ ಸಾರಬೇಕು, ಒಂದಕ್ಷರ ಬದಲಿಸಬಾರದು. ನಮ್ಮಪ್ಪನಿಗೆ ಹಾಕಿದ್ದ ಷರತ್ತೂ ಇದೇ. ಅವನಿಗೆ ಒಂದು ‘ಅಂತೆ’ಯಾದರೂ ಇತ್ತು.

ಅಪ್ಪ ಹೋಗಿ ಎಷ್ಟೋ ವರ್ಷವಾಯಿತು. ಕೆಂಪು ಶಾಯಿಯ ಆ ಪ್ರತಿ ಇನ್ನೂ ನನ್ನ ಹತ್ತಿರ ಇದೆ. ಹೊಡೆದುಹಾಕಿದ ಪ್ಯಾರಾವನ್ನು ಸಂಪಾದಕರು ತಿದ್ದದೆ ಹಾಕುತ್ತಾರೆ ಅಂತ ನಂಬಿ ಇಲ್ಲಿ ಕೊಡುತ್ತಿದ್ದೇನೆ:

‘ಬ್ರಹ್ಮಗಿರಿಯ ಕಲ್ಲಿನ ಮೇಲಿನ ಮಾತು ದೊಡ್ಡವರಿಗೆ ಮಾತ್ರ ಅಲ್ಲವಂತೆ, ಚಿಕ್ಕವರಿಗೂ ಸಲ್ಲುತ್ತದಂತೆ. ಆ ಮಾತನ್ನು ಬೀದಿಯಲ್ಲಿ ಸಾರಿದವನು ಯಾರು ಅಂತ ಕಲ್ಲು ಹೇಳುವುದಿಲ್ಲ. ನಮ್ಮ ಹಟ್ಟಿಯವನೇ ಇರಬೇಕು ಅಂತ ನಮ್ಮಪ್ಪ ಹೇಳುತ್ತಾನೆ. ಹೋದ ತಿಂಗಳು ನಮ್ಮೂರ ಜಾತ್ರೆಯಲ್ಲಿ ತೇರು ಎಳೆಯಲಿಕ್ಕೆ ಅವನ ತಮಟೆ ಬೇಕಾಯಿತು. ತೇರಿನ ಹಗ್ಗ ಮುಟ್ಟಲಿಕ್ಕೆ ಅವನನ್ನು ಬಿಡಲಿಲ್ಲ.’